ಏನೇನು ಹೋಯಿತು ಎಂದು ಬರೆದುಕೊಡಿ, ಟೀಚರ್

ಮನೆಗೆ ಕಳ್ಳರು ನುಗ್ಗಿದ ಮೇಲೆ ಬಂದವರೆಲ್ಲ ಕೇಳಿದ್ದು ಎರಡೇ ಮಾತು. ಎಷ್ಟು ಹೋಯ್ತು? ಏನಾದರೂ ಸಿಕ್ತಾ? ಈ ಎರಡರ ನಡುವೆ ದೊಡ್ಡದೊಂದು ಕೆಲಸ ಉಂಟು. ಅದನ್ನು ಮನೆಯವರೇ ಮಾಡಬೇಕು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ನಮ್ಮ ಹಾಗೆ ತೋಟದ ನಡುವೆ ಎರಡು ಮೂರು ಜನ ವಯಸ್ಸಾದವರೇ ಇರುವ ಮನೆಗಳು ಈಗ ಜಾಸ್ತಿ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಅಂಥವರಿಗೆ ಉಪಯೋಗವಾಗಲಿ, ನನ್ನ ಮನಸ್ಸಿಗೂ ಸ್ವಲ್ಪ ಹಗುರವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನೂ ನಮ್ಮವರೂ ಆಗ ತಮಿಳುನಾಡಿನಲ್ಲಿದ್ದೆವು. ನಾನು ಶಾಲೆಯಿಂದ ನಿವೃತ್ತಳಾದ ಮೇಲೆ ಒಮ್ಮೆ ತಂಜಾವೂರು, ಕಾರೈಕುಡಿ, ಮಧುರೈ, ರಾಮೇಶ್ವರ ನೋಡಿ ಬರಬೇಕು ಅಂತ ಬಹಳ ವರ್ಷದ ಆಸೆ. ಅಡಿಕೆ ಕೊಯ್ಲು ಮುಗಿದಿತ್ತು. ಅತ್ತೆಯನ್ನು ಪುತ್ತೂರಿನಲ್ಲಿ ನಾದಿನಿಯ ಮನೆಯಲ್ಲಿ ಬಿಟ್ಟೆವು. ಬೇಸಿಗೆ ಶುರುವಾಗಿತ್ತು, ಹಾಗಾಗಿ ತೋಟಕ್ಕೆ ಸ್ಪ್ರಿಂಕ್ಲರ್ ಬಿಡಲು ಕೆಲಸದ ಅಣ್ಣ ಬೆಳಿಗ್ಗೆ, ಸಂಜೆ ಬರುವುದು ಎಂದು ಮಾತಾಗಿತ್ತು. ನಿಶ್ಚಿಂತೆಯಿಂದ ಕಾಸರಗೋಡಿನಲ್ಲಿ ರೈಲು ಹತ್ತಿದೆವು.

ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರವನ್ನು ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ನಾವೂ ನೋಡಿದೆವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ಜಗಲಿಯ ಕಲ್ಲುಗಳು. ಸುತ್ತಲೂ ಅಕ್ಷರ. ನಮ್ಮ ಜೊತೆ ಬಂದ ಗೈಡ್ ಒಳ್ಳೆಯ ಓದುಗ. ರಾಜರಾಜ ಚೋಳ 1010ರಲ್ಲಿ ದೇವಸ್ಥಾನ ಮುಗಿಸಿದ ಮೇಲೆ ಒಂದು ಅಪ್ಪಣೆ ಕೊಟ್ಟನಂತೆ: ನಾವು ಕೊಟ್ಟದ್ದು, ನಮ್ಮ ಅಕ್ಕ ಕೊಟ್ಟದ್ದು, ನಮ್ಮ ಹೆಂಗಸರು ಕೊಟ್ಟದ್ದು, ಬೇರೆಯವರು ಕೊಟ್ಟದ್ದು, ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿ. ಅವನ ಅಕ್ಕ ಕುಂದವೈ. ಅವಳು ಕೊಟ್ಟ ಒಡವೆಗಳೂ ಅಲ್ಲಿ ಉಂಟು. ಒಂದೊಂದು ಆಭರಣದಲ್ಲಿ ಎಷ್ಟು ಮುತ್ತು, ಅದರಲ್ಲಿ ಉರುಟಾದದ್ದು ಎಷ್ಟು, ಜೋಡಿ ಮುತ್ತು ಎಷ್ಟು, ಚಪ್ಪಟೆ ಎಷ್ಟು, ಸಿಪ್ಪೆ ಒರಟಾದದ್ದು ಎಷ್ಟು. ಯಾವ ವಜ್ರದಲ್ಲಿ ದೋಷ ಉಂಟು ಎಂದೂ ಬರೆದಿದ್ದಾರೆ. ತೂಕ ಹೇಳುವಾಗ ದಾರ, ಅರಗು ಸೇರಿಸಿ ಇಷ್ಟು ಎಂದು ಬಿಡಿಸಿ ಹೇಳಿದ್ದಾರೆ. ತೂಗಿದ ಕಲ್ಲಿಗೂ ಹೆಸರು, ಆಡವಲ್ಲಾನ್ ಅಂತ. ದೇವಸ್ಥಾನದ ಸೇವೆಗೆ ತಂದ ಸುಮಾರು 400 ಹೆಂಗಸರ ಹೆಸರು, ಅವರು ಯಾವ ಬೀದಿಯ ಯಾವ ಸಾಲಿನ ಎಷ್ಟನೇ ಮನೆಯಲ್ಲಿದ್ದರು ಎಂಬುದೂ ಕಲ್ಲಿನ ಮೇಲೆ ಉಂಟು. ನಾನು ಅಲ್ಲೇ ಕೂತುಬಿಟ್ಟೆ. ಇವರು ಪ್ರದಕ್ಷಿಣೆ ಮುಗಿಸಿ ಬಂದು ಎಬ್ಬಿಸಬೇಕಾಯಿತು.

ಅರಮನೆಯ ಆರ್ಟ್ ಗ್ಯಾಲರಿಯಲ್ಲಿ ಕಂಚಿನ ಮೂರ್ತಿಗಳನ್ನು ನೋಡುವಾಗ ಅದೇ ಗೈಡ್ ಶ್ರೀಪುರಂತಾನ್ ನಟರಾಜನ ವಿಷಯ ಹೇಳಿದರು. ಅರಿಯಲೂರು ಜಿಲ್ಲೆಯ ಹಳ್ಳಿಯೊಂದರ ದೇವಸ್ಥಾನದ ಮೂರ್ತಿ ಅದು. ಕಳವಾಗಿ, ಕೈಯಿಂದ ಕೈಗೆ ಹೋಗಿ, ಕೊನೆಗೆ 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಅದನ್ನು ಕೊಂಡಿತ್ತು. 2014ರಲ್ಲಿ ವಾಪಸ್ ಬಂತು. ಅದು ಅದೇ ಮೂರ್ತಿ ಎಂದು ತೋರಿಸಿಕೊಡಲು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ಯಾವತ್ತೋ ತೆಗೆದಿಟ್ಟ ಫೋಟೋ ಬೇಕಾಯಿತು. ಆಗ ಅದನ್ನು ಪ್ರವಾಸದ ಒಂದು ಒಳ್ಳೆಯ ಕಥೆ ಎಂದು ಕೇಳಿದೆ, ಅಷ್ಟೇ.

ಅಲ್ಲಿಂದ ಕಾರೈಕುಡಿ. ಚೆಟ್ಟಿನಾಡಿನ ಮನೆಗಳು ಒಂದು ಬೀದಿಯಲ್ಲಿ ಬಾಗಿಲು ಇಟ್ಟುಕೊಂಡು ಹಿಂದಿನ ಬೀದಿಯಲ್ಲಿ ಮುಗಿಯುತ್ತವೆ. ಬರ್ಮಾದ ತೇಗದ ಕಂಬಗಳು. ನೆಲಕ್ಕೆ ಆತ್ತಂಗುಡಿಯ ಟೈಲ್ಸ್. ಅದನ್ನು ಗಾಜಿನ ಮೇಲೆ ಬಣ್ಣ ಹೊಯ್ದು ಕೈಯಲ್ಲೇ ಮಾಡುತ್ತಾರೆ. ಹೆಚ್ಚಿನ ಮನೆಗಳಿಗೆ ಬೀಗ. ಯಜಮಾನರು ಚೆನ್ನೈಯಲ್ಲೋ ಸಿಂಗಾಪುರದಲ್ಲೋ ಇರುತ್ತಾರೆ, ಮದುವೆಗೆ, ಪೂಜೆಗೆ ಬರುತ್ತಾರೆ. ನೋಡಿಕೊಳ್ಳುವ ಒಬ್ಬರು ಬೀಗ ತೆಗೆದು ತೋರಿಸುತ್ತಾರೆ. ಪೇಟೆಯಲ್ಲಿ ಹಳೆ ಸಾಮಾನಿನ ಅಂಗಡಿಗಳ ಸಾಲೇ ಉಂಟು. ಹಿತ್ತಾಳೆ ಗಿಂಡಿ, ಎನಾಮಲ್ ತಟ್ಟೆ, ಕ್ಯಾರಿಯರ್, ಮರದ ಪೆಟ್ಟಿಗೆ, ಗೋಡೆಯಿಂದ ಇಳಿಸಿದ ಯಾರದೋ ಮದುವೆಯ ಫೋಟೋ. ಒಂದು ಕ್ಯಾರಿಯರಿನ ಮುಚ್ಚಳದಲ್ಲಿ ಹೆಸರು ಕೊರೆದಿತ್ತು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಕೊಳ್ಳಲು ಮನಸ್ಸು ಬರಲಿಲ್ಲ.

ಮರುದಿನ ಬೆಳಿಗ್ಗೆ ಲಾಡ್ಜಿನಲ್ಲಿ ಕಾಫಿ ಕುಡಿಯುವಾಗ ಫೋನ್ ಬಂತು. ಕೆಲಸದ ಅಣ್ಣನದ್ದು. ಅವರಿಗೆ ಉಸಿರು ಸಿಗುತ್ತಿರಲಿಲ್ಲ. ಅಕ್ಕಾ, ಹಿಂದಿನ ಬಾಗಿಲು ಒಡೆದಿದ್ದಾರೆ, ನಾನು ಒಳಗೆ ಹೋಗಲಿಲ್ಲ, ಏನು ಮಾಡಲಿ ಅಂತ. ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ, ಯಾರನ್ನೂ ಹೋಗಲು ಬಿಡಬೇಡಿ ಎಂದು ಇವರು ಹೇಳಿದರು. ಆಮೇಲೆ 112ಕ್ಕೆ ಫೋನ್ ಮಾಡಲು ಹೇಳಿ, ನಾವು ನಮ್ಮ ಠಾಣೆಗೂ ಮಾಡಿದೆವು. ಅವರು ಫೋನ್ ಎತ್ತಿದ ಕೂಡಲೇ ಹೇಳಿದ್ದೂ ಅದೇ: ಒನ್ನುಂ ತೊಡರುದ್.

ಆ ದಿನದ ಪ್ರಯಾಣ ಹೇಳಿ ಮುಗಿಯುವಂಥದ್ದಲ್ಲ. ಬಸ್ಸಿನಲ್ಲಿ ತಿರುಚ್ಚಿ, ಅಲ್ಲಿಂದ ಕೊಯಮತ್ತೂರು, ರಾತ್ರಿ ಮಂಗಳೂರು ಕಡೆಯ ರೈಲು. ದಾರಿಯಲ್ಲಿ ಮಾಡಬಹುದಾದ ಕೆಲಸ ಕೆಲವು ಇತ್ತು. ಬ್ಯಾಂಕಿಗೆ ಫೋನ್ ಮಾಡಿ ಮನೆಯಲ್ಲಿ ಬಿಟ್ಟು ಬಂದ ಎಟಿಎಂ ಕಾರ್ಡನ್ನು ನಿಲ್ಲಿಸಿದೆವು, ಚೆಕ್ ಪುಸ್ತಕದ ವಿಷಯವೂ ಹೇಳಿದೆವು. ಮಗ ಬೆಂಗಳೂರಿನಿಂದ ಹೊರಟ. ಪಕ್ಕದ ತೋಟದ ಮನೆಯವರು ರಾತ್ರಿ ನಮ್ಮ ಅಂಗಳದಲ್ಲಿ ಮಲಗುತ್ತೇವೆ ಎಂದರು. ಮಲಗಿದರು ಕೂಡ. ಇವರ ಮತ್ತು ಅವರ ಅಪ್ಪಂದಿರ ಕಾಲದಿಂದ ಗಡಿ ತಕರಾರು ಇದ್ದ ಮನೆ ಅದು. ಆ ಉಪಕಾರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಮನೆ ತಲುಪಿದಾಗ ಪೊಲೀಸರು ಆಗಲೇ ಬಂದು ಕಾಯುತ್ತಿದ್ದರು. ಅಡುಗೆಮನೆಯ ಬಾಗಿಲು ಹಲಸಿನ ಮರದ್ದು, ಗಟ್ಟಿ. ಅದಕ್ಕೆ ಏನೂ ಆಗಿರಲಿಲ್ಲ. ದಾರಂದದಲ್ಲಿ ಚಿಲಕ ಕೂರುವ ಜಾಗವನ್ನು ಮೀಟಿ ಎಬ್ಬಿಸಿದ್ದರು. ಮೀಟಿದ ಪಿಕ್ಕಾಸು ನಮ್ಮ ಕೊಟ್ಟಿಗೆಯದ್ದೇ, ಬಚ್ಚಲಿನ ಗೋಡೆಗೆ ಒರಗಿಸಿ ಇಟ್ಟು ಹೋಗಿದ್ದರು. ಒಳಗೆ ಕಾಲಿಟ್ಟರೆ ಸೀನು. ಮೆಣಸಿನ ಹುಡಿಯ ಭರಣಿ ಪೂರ್ತಿ ಖಾಲಿ. ನಾಯಿಗೆ ವಾಸನೆ ಸಿಗಬಾರದು ಎಂದು ಅಡುಗೆಮನೆಯಿಂದ ಹಿಂದಿನ ಅಂಗಳದವರೆಗೆ ಚೆಲ್ಲಿದ್ದರು. ಬ್ಯಾಡಗಿ ಮೆಣಸು ಒಣಗಿಸಿ, ಮಿಲ್ಲಿನಲ್ಲಿ ಹುಡಿ ಮಾಡಿಸಿ, ಹೊರಡುವ ಮುಂಚೆ ನಾನೇ ತುಂಬಿಸಿಟ್ಟ ಭರಣಿ ಅದು. ಚಿನ್ನದ ವಿಷಯ ಆಮೇಲೆ. ಮೊದಲು ಕಣ್ಣಲ್ಲಿ ನೀರು ಬಂದದ್ದು ಆ ಖಾಲಿ ಭರಣಿ ನೋಡಿ.

ಮಲಗುವ ಕೋಣೆಯ ಕಪಾಟು ಬಾಯಿ ತೆರೆದಿತ್ತು. ಸೀರೆಗಳೆಲ್ಲ ನೆಲದ ಮೇಲೆ. ಜಾಗದ ಆಧಾರ, ತೀರ್ವೆ ರಶೀದಿ, ರೇಷನ್ ಕಾರ್ಡು ಎಲ್ಲ ಹರಡಿ ಬಿದ್ದಿತ್ತು, ಆದರೆ ಒಂದೂ ಹೋಗಿರಲಿಲ್ಲ. ಅಟ್ಟದ ಚಾಲಿ ಅಡಿಕೆಯ ಗೋಣಿಗಳನ್ನು ಮುಟ್ಟಿರಲಿಲ್ಲ. ಚಾವಡಿಯ ಮೂಲೆಯಲ್ಲಿದ್ದ ಒಳ್ಳೆಮೆಣಸಿನ ಚೀಲ ಇರಲಿಲ್ಲ. ದೇವರ ಕೋಣೆಯಲ್ಲಿ ಮೂರ್ತಿಗಳು ಇದ್ದಲ್ಲೇ ಇದ್ದವು, ಬೆಳ್ಳಿಯ ಹರಿವಾಣ ಇರಲಿಲ್ಲ.

ಬೆರಳಚ್ಚಿನವರು ಬಂದು ಕಪಾಟಿಗೆ, ಪಿಕ್ಕಾಸಿನ ಹಿಡಿಗೆ, ಕಿಟಕಿಗೆ ಪೌಡರು ಹಚ್ಚಿದರು. ಸಣ್ಣ ಬ್ರಶ್ಶಿನಲ್ಲಿ ಎಷ್ಟು ನಿಧಾನ, ಎಷ್ಟು ಜಾಗ್ರತೆ! ಒಂದು ಗುರುತು ಕಂಡರೆ ಬಗ್ಗಿ, ಟಾರ್ಚನ್ನು ಓರೆಗೆ ಹಿಡಿದು ನೋಡಿ, ಟೇಪಿನಲ್ಲಿ ಎತ್ತಿಕೊಂಡರು. ಪೊಲೀಸ್ ನಾಯಿ ಹಿಂದಿನ ಅಂಗಳ ಬಿಟ್ಟು ತೋಟದ ಬದಿಯಿಂದ ರಸ್ತೆವರೆಗೆ ಓಡಿತು, ಅಲ್ಲಿ ನಿಂತಿತು. ಅಲ್ಲಿ ಗಾಡಿ ನಿಲ್ಲಿಸಿರಬೇಕು ಎಂದರು. ಆಮೇಲೆ ಮಹಜರು. ಎಲ್ಲಿ ಏನು ಹೇಗಿತ್ತು ಎಂದು ಬರೆದು, ಇಬ್ಬರು ಸಾಕ್ಷಿಗಳ ಸಹಿ ತೆಗೆದುಕೊಂಡರು.

ಯಾವಾಗ ಆಯಿತು ಎಂಬುದರ ಬಗ್ಗೆ ಅವರು ತುಂಬ ಕೇಳಿದರು. ಅದಕ್ಕೆ ಕಾರಣ ಆಮೇಲೆ ಗೊತ್ತಾಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ವಾಸದ ಮನೆಯಿಂದ ಕದ್ದರೆ 305ನೇ ಕಲಂ, ಏಳು ವರ್ಷದವರೆಗೆ ಶಿಕ್ಷೆ. ಕದಿಯಲೆಂದು ರಾತ್ರಿ ಹೊತ್ತು ಮನೆ ಒಡೆದು ನುಗ್ಗಿದರೆ 331ನೆಯದರ ನಾಲ್ಕನೇ ಉಪಕಲಂ, ಹದಿನಾಲ್ಕು ವರ್ಷದವರೆಗೆ. ರಾತ್ರಿ ಅಂದರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ. ಹಿಂದಿನ ದಿನ ಕತ್ತಲಾಗುವಾಗ ಸ್ಪ್ರಿಂಕ್ಲರ್ ನಿಲ್ಲಿಸಿ, ಹಿಂದಿನ ಬಾಗಿಲು ಹಾಕಿದ್ದನ್ನು ನೋಡಿಯೇ ಹೋಗಿದ್ದೇನೆ ಎಂದು ಕೆಲಸದ ಅಣ್ಣ ಹೇಳಿದ್ದು ಹಾಗಾಗಿ ಬಹಳ ಮುಖ್ಯವಾಯಿತು.

ಅದೇ ಅಣ್ಣನಿಗೆ ಆ ವಾರ ಸಿಕ್ಕಿದ ನೋವು ನನಗೆ ಹೆಚ್ಚು ಚುಚ್ಚಿದ್ದು. ಯಾರ ಮೇಲಾದರೂ ಸಂಶಯ ಉಂಟಾ ಎಂದು ಪೊಲೀಸರು ಕೇಳುತ್ತಾರೆ, ಕೇಳಲೇಬೇಕು. ಇಲ್ಲ ಎಂದೆವು. ಆದರೆ ನೆಂಟರು ಕೆಲವರು ಒಳಗೆ ಕರೆದು ಪಿಸಿಪಿಸಿ ಮಾಡಿದರು. ಕೀಲಿ ಎಲ್ಲಿರುತ್ತದೆಂದು ಅವನಿಗೆ ಗೊತ್ತಲ್ವಾ, ನೀವು ಇಲ್ಲದ್ದೂ ಗೊತ್ತಲ್ವಾ ಅಂತ. ಕೀಲಿ ಗೊತ್ತಿದ್ದವನು ದಾರಂದ ಯಾಕೆ ಮೀಟುತ್ತಾನೆ? ನಾನು ಚಾವಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಇಪ್ಪತ್ತು ವರ್ಷದಿಂದ ಈ ಮನೆಯ ಅನ್ನ ತಿಂದವರ ಬಗ್ಗೆ ಈ ಮನೆಯೊಳಗೆ ಆ ಮಾತು ಬೇಡ ಎಂದು. ಮನೆಯವರದ್ದು, ಮನೆಗೆ ಬಂದು ಹೋಗುವವರದ್ದು ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಸಿಕ್ಕಿದ ಗುರುತುಗಳಲ್ಲಿ ನಮ್ಮದನ್ನು ಬಿಟ್ಟು ಉಳಿದದ್ದು ಯಾವುದು ಎಂದು ನೋಡಲು. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಠಾಣೆಗೆ ಬರಬೇಕು ಎಂದಾಗ ಅವರ ಮುಖ ಬಿಳುಚಿತು. ನಾವಿಬ್ಬರೂ ಅವರ ಜೊತೆಗೇ ಹೋದೆವು. ಮೊದಲು ನಾನು ಕೈ ಕೊಟ್ಟೆ, ಆಮೇಲೆ ಇವರು, ಆಮೇಲೆ ಅವರು. ವಾಪಸ್ ಬರುವಾಗ ಜೀಪಿನಲ್ಲಿ ಅವರು ಮಾತಾಡಲಿಲ್ಲ. ಮರುದಿನ ಕೆಲಸಕ್ಕೆ ಬಂದರು.

ಠಾಣೆಯಲ್ಲಿ ಒಬ್ಬರು ಚಿಕ್ಕ ವಯಸ್ಸಿನವರು, ನಮ್ಮ ಕಡೆಯವರೇ, ಕನ್ನಡ ಶಾಲೆಯಲ್ಲಿ ಓದಿದವರು. ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡು, ಸಾಲು ಸಾಲಾಗಿ ಓದಿ, ಕನ್ನಡದಲ್ಲಿ ಹೇಳಿ, ಆಮೇಲೆ ಸಹಿ ತೆಗೆದುಕೊಂಡರು. ನನ್ನ ದೂರನ್ನು ನಾನು ಕನ್ನಡದಲ್ಲೇ ಬರೆದುಕೊಟ್ಟೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ನಮಗೆ ಕೊಟ್ಟಿದೆ. ಮಲಯಾಳ ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ಕೈ ನಡುಗುವ ಹೊತ್ತಿನಲ್ಲಿ ನಮ್ಮ ಭಾಷೆಯಲ್ಲಿ ಬರೆದರೆ ಬಿಟ್ಟುಹೋಗುವುದು ಕಡಿಮೆ. ಎಫ್‌ಐಆರ್ ಪ್ರತಿಯನ್ನು ಕೇಳಿ ತೆಗೆದುಕೊಳ್ಳಿ. ದೂರು ಕೊಟ್ಟವರಿಗೆ ಅದನ್ನು ಸುಮ್ನೆ, ಒಂದು ಪೈಸೆ ಇಲ್ಲದೆ ಕೊಡಬೇಕು ಎಂದು ಕಾನೂನೇ ಹೇಳುತ್ತದೆ. ಬ್ಯಾಂಕಿಗೆ, ವಿಮೆ ಇದ್ದವರಿಗೆ ವಿಮೆಗೆ, ಎಲ್ಲದಕ್ಕೂ ಅದು ಬೇಕು. ಹೋದ ಮೊಬೈಲನ್ನು ಸರಕಾರದ ಸಿಇಐಆರ್ ವೆಬ್‌ಸೈಟಿನಲ್ಲಿ ಬ್ಲಾಕ್ ಮಾಡಿಸಲೂ ಪೊಲೀಸ್ ದೂರಿನ ಪ್ರತಿ ಬೇಕು. ಕಪಾಟಿನಲ್ಲಿದ್ದ ಹಳೆ ಫೋನನ್ನು ಮಗ ಹಾಗೆ ಬ್ಲಾಕ್ ಮಾಡಿಸಿದ. ಡಬ್ಬದ ಮೇಲೆ ಫೋನಿನ ಗುರುತಿನ ಐಎಂಇಐ ನಂಬರ್ ಇತ್ತು.

ಇಷ್ಟೆಲ್ಲ ಆದ ಮೇಲೆ ಠಾಣೆಯ ಅಧಿಕಾರಿ ಒಂದು ಬಿಳಿ ಹಾಳೆ ನನ್ನ ಮುಂದೆ ಇಟ್ಟರು. ಏನೇನು ಹೋಯಿತು ಎಂದು ಬರೆದುಕೊಡಿ, ಟೀಚರ್. ಎತ್ರ ಪವನ್, ಎಷ್ಟು ಪವನು ಚಿನ್ನ? ಬಿಲ್ ಉಂಟಾ? ಫೋಟೋ ಉಂಟಾ?

ಮಗಳ ಮದುವೆಗೆ ಕೊಂಡದ್ದು ಅವಳ ಹತ್ತಿರವೇ ಉಂಟು, ನನ್ನ ಸರ, ಬಳೆ ಬ್ಯಾಂಕ್ ಲಾಕರಿನಲ್ಲಿ. ಮನೆಯಲ್ಲಿದ್ದದ್ದು ಅತ್ತೆಯ ಒಡವೆಗಳು. ಅವರು ಅದನ್ನು ಕಣ್ಣಿನ ಮುಂದೆ ಇಟ್ಟುಕೊಳ್ಳಬೇಕೆನ್ನುವವರು, ಅದು ಅವರ ಹಕ್ಕು ಕೂಡ. ಅದಕ್ಕೆ ಬಿಲ್ ಎಲ್ಲಿಂದ ಬರಬೇಕು? ಆಚಾರಿ ಮನೆಗೆ ಬಂದು, ಜಗಲಿಯಲ್ಲಿ ಕೂತು ಮಾಡಿಕೊಟ್ಟ ಕಾಲದ್ದು. ನಾನು ಬರೆದೆ: ಬೆಂಡೋಲೆ ಒಂದು ಜೊತೆ. ಅವಲಕ್ಕಿ ಸರ ಒಂದು. ಬಳೆ ನಾಲ್ಕು. ಬೆಳ್ಳಿಯ ಹರಿವಾಣ ಒಂದು. ಬರೆದು ಮುಗಿಯಿತು. ಅರ್ಧ ಹಾಳೆಯೂ ತುಂಬಲಿಲ್ಲ.

ಆ ಹೊತ್ತಿಗೆ ತಂಜಾವೂರಿನ ಕಲ್ಲು ನೆನಪಾಯಿತು. ಇದು ಪಟ್ಟಿಯೇ ಅಲ್ಲ ಅನಿಸಿತು. ನಮ್ಮ ಜಿಲ್ಲೆಯಲ್ಲಿ ಎಷ್ಟು ಸಾವಿರ ಬೆಂಡೋಲೆ ಉಂಟು! ಪೊಲೀಸರಿಗೆ ಎಲ್ಲೋ ಒಂದು ಜೊತೆ ಸಿಕ್ಕಿದರೆ ಅದು ನಮ್ಮದೆಂದು ಯಾವ ಬಾಯಲ್ಲಿ ಹೇಳುವುದು? ಸಾವಿರ ವರ್ಷದ ಹಿಂದೆ ಮುತ್ತಿನ ಸಿಪ್ಪೆ ಒರಟಾಗಿದೆ ಎಂದು ಕೂತು ಬರೆದ ಗುಮಾಸ್ತನಿಗೆ ಅದು ಗೊತ್ತಿತ್ತು. ಒಂದು ವಸ್ತುವನ್ನು ಬೇರೆಲ್ಲದರಿಂದ ಬಿಡಿಸಿ ಹೇಳುವುದು ಅದರ ದೋಷಗಳೇ. ನಾಳೆ ಪೂರ್ತಿ ಬರೆದು ತರುತ್ತೇನೆ ಎಂದು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಆಗಲಿ, ಹೆಚ್ಚುವರಿ ಹೇಳಿಕೆಯಾಗಿ ಸೇರಿಸಬಹುದು ಎಂದರು.

ಆದರೆ ಬರೆಯಬೇಕಾದರೆ ಅತ್ತೆಗೆ ಹೇಳಬೇಕು. ಅತ್ತೆಗೆ ಎಂಬತ್ತು ದಾಟಿದೆ. ಬೀಪಿ ಉಂಟು. ಹೇಳುವುದೇ ಬೇಡ, ಬೇರೆ ಒಂದು ಜೊತೆ ಮಾಡಿಸಿ ಇಡೋಣ ಎಂದು ನಾದಿನಿ ಅಳುತ್ತಾ ಹೇಳಿದಳು. ನನಗೆ ಒಪ್ಪಿಗೆಯಾಗಲಿಲ್ಲ. ಅವರ ವಸ್ತು ಹೋದದ್ದು ಅವರಿಗೇ ತಿಳಿಯದಿರುವುದು ಇನ್ನೊಂದು ಕಳ್ಳತನ. ಪುತ್ತೂರಿಗೆ ಹೋಗಿ, ಅವರ ಕೈ ಹಿಡಿದುಕೊಂಡು ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಿವಿ ಮುಟ್ಟಿ ನೋಡಿಕೊಂಡರು. ಆಮೇಲೆ, ನೀವು ಇಬ್ಬರೂ ಆ ರಾತ್ರಿ ಮನೆಯಲ್ಲಿ ಇಲ್ಲದ್ದು ದೇವರು ದೊಡ್ಡವ ಎಂದರು. ಅದಾದ ಮೇಲೆ, ಬರೆದುಕೋ, ಎಂದರು.

ಅವತ್ತು ಮಧ್ಯಾಹ್ನದಿಂದ ದೀಪ ಹೊತ್ತಿಸುವವರೆಗೆ ಅವರು ಹೇಳಿದರು, ನಾನು ಬರೆದೆ. ಬೆಂಡೋಲೆ ಕೆಂಪು ಕಲ್ಲಿನದ್ದು, ಏಳು ಕಲ್ಲು. 1960ರಲ್ಲಿ ಅವರ ಮದುವೆಗೆ ಅಪ್ಪ ಮಾಡಿಸಿದ್ದು. ಬಲಕಿವಿಯದ್ದರಲ್ಲಿ ಮೇಲಿನ ಒಂದು ಕಲ್ಲು ಬಿದ್ದು ಬೇರೆ ಕೂರಿಸಿದ್ದು, ಬೆಳಕಿಗೆ ಹಿಡಿದರೆ ಆ ಒಂದು ಕಲ್ಲು ಉಳಿದವುಗಳಿಗಿಂತ ತೆಳು ಬಣ್ಣ. ಎಡಕಿವಿಯ ತಿರುಪು ಕಳೆದು ಹೊಸತು ಹಾಕಿಸಿದ್ದು, ಅದರ ಚಿನ್ನ ಸ್ವಲ್ಪ ಕೆಂಪು. ಯಾಕೆಂದರೆ ಅದಕ್ಕೆ ತಾಮ್ರ ಜಾಸ್ತಿ ಬಿತ್ತು, ಅವರು ಆಚಾರಿಯ ಹತ್ತಿರ ಆಗಲೇ ಹೇಳಿದ್ದರಂತೆ. ಅವಲಕ್ಕಿ ಸರದ ಕೊಂಡಿ ತುಂಡಾದಾಗ ಮಾವ ಪೇಟೆಗೆ ಕೊಂಡುಹೋಗುವ ಮೊದಲು ತಾಮ್ರದ ಸಣ್ಣ ತಂತಿ ಸುತ್ತಿದ್ದರು. ಆಮೇಲೆ ಪೇಟೆಗೆ ಹೋಗಲೇ ಇಲ್ಲ, ಆ ತಂತಿ ಹಾಗೆಯೇ ಉಂಟು. ಹರಿವಾಣದ ಅಂಚಿನಲ್ಲಿ ಒಂದು ಜಜ್ಜಿದ ಗುರುತು. ಅದು ನಮ್ಮವರು ಮೂರು ವರ್ಷದ ಮಗು ಆಗಿದ್ದಾಗ ಬಾವಿಕಟ್ಟೆಯಿಂದ ಕೆಳಗೆ ಹಾಕಿದ್ದು. ಇದು ನನಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆ ಇಷ್ಟು ಮಾತಾಡಿದ್ದನ್ನು ಕೇಳಿದ್ದು ಅವತ್ತು. ಬರೀ ಒಡವೆಯ ಮಾತಲ್ಲ. ಯಾವ ವರ್ಷ ಅಡಿಕೆಗೆ ಕೊಳೆ ಬಂದು ಬಳೆ ಸೊಸೈಟಿಯಲ್ಲಿ ಅಡವು ಇಟ್ಟದ್ದು, ಯಾವ ವರ್ಷ ಬಿಡಿಸಿ ತಂದದ್ದು, ಯಾರ ಮದುವೆಗೆ ಯಾರು ಕೇಳಿ ಹಾಕಿಕೊಂಡದ್ದು. ಕೊನೆಯದು ಕೆಲಸಕ್ಕೆ ಬಂತು. ಹಾಗೆ ಹಾಕಿಕೊಂಡವರ ಮನೆಗಳಿಗೆ ಫೋನ್ ಮಾಡಿ ಹಳೆ ಆಲ್ಬಂ ತೆಗೆಸಿದೆವು. ಮಂಜೇಶ್ವರದ ಒಂದು ಮನೆಯಲ್ಲಿ ಕಪ್ಪು ಬಿಳುಪಿನ ಒಂದು ಮದುವೆ ಫೋಟೋ ಸಿಕ್ಕಿತು. ಮದುಮಗಳ ಮುಖ ಸ್ವಲ್ಪ ತಿರುಗಿದೆ, ಕಿವಿ ಸ್ಪಷ್ಟ, ಬೆಂಡೋಲೆಯ ಏಳು ಕಲ್ಲೂ ಎಣಿಸಬಹುದು. ಶ್ರೀಪುರಂತಾನ್ ನಟರಾಜನಿಗೆ ಸಿಕ್ಕಿದ ಫೋಟೋ ಹೇಗೆ ಕೆಲಸ ಮಾಡಿತು ಎಂದು ಆಗ ನನಗೆ ಮೈಗೆ ತಾಗಿ ಅರ್ಥವಾಯಿತು.

ಪಟ್ಟಿ ಹಲವು ಹಾಳೆ ಆಯಿತು. ಫೋಟೋಗಳ ಪ್ರತಿ ಜೊತೆಗೆ ಇಟ್ಟು ಠಾಣೆಯಲ್ಲಿ ಕೊಟ್ಟೆ. ಅಧಿಕಾರಿ ಪೂರ್ತಿ ಓದಿಸಿಕೊಂಡು ಕೇಳಿದರು. ಚಿನ್ನ ಕರಗಿಸಿದರೆ ಇದೆಲ್ಲ ಪ್ರಯೋಜನಕ್ಕೆ ಬಾರದು ಟೀಚರ್, ಆದರೆ ಎಲ್ಲೋ ಅಡವು ಇಟ್ಟಿದ್ದರೆ ಈ ತಿರುಪಿನಲ್ಲೇ ಹಿಡಿಯಬಹುದು ಎಂದರು. ಸುಳ್ಳು ಆಸೆ ತೋರಿಸದೆ ಹಾಗೆ ನೇರ ಹೇಳಿದ್ದು ನನಗೆ ಒಳ್ಳೆಯದೆನಿಸಿತು. ತನಿಖೆ ಎಲ್ಲಿಗೆ ಬಂತು ಎಂದು ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕೆಂದು ಹೊಸ ಕಾನೂನಿನಲ್ಲಿ ಉಂಟು, ಆ ಮಾಹಿತಿಯೂ ಬಂತು. ಹುಡುಕಾಟ ನಡೆದಿದೆ, ಅಷ್ಟು.

ಮನೆಯನ್ನು ಸರಿ ಮಾಡುವುದು ಬೇಗ ಆಯಿತು. ಆಚಾರಿ ಬಂದು ದಾರಂದಕ್ಕೆ ಹೊಸ ಮರ ಕೂರಿಸಿ, ಒಳಗಿನಿಂದ ಅಡ್ಡಕ್ಕೆ ಕಬ್ಬಿಣದ ಪಟ್ಟಿ ಹಾಕಿದ. ಮಗ ಕ್ಯಾಮರಾ ಹಾಕಿಸಿದ. ಕೇರಳ ಪೊಲೀಸರ ಪೋಲ್ ಆ್ಯಪಿನಲ್ಲಿ ಬೀಗ ಹಾಕಿ ಹೋಗುವ ಮನೆಯ ವಿಷಯ ಮೊದಲೇ ತಿಳಿಸಬಹುದು, 14 ದಿನದವರೆಗೆ ಅವರು ಆ ಕಡೆ ಕಣ್ಣಿಡುತ್ತಾರೆ ಎಂದು ಠಾಣೆಯಲ್ಲೇ ಹೇಳಿದರು. ಮನಸ್ಸು ಸರಿಯಾಗುವುದು ಮಾತ್ರ ತಡ. ಕಪಾಟಿನಲ್ಲಿದ್ದ ಸೀರೆಗಳನ್ನೆಲ್ಲ ನಾನು ತೊಳೆದೆ, ರೇಷ್ಮೆಯವನ್ನು ಬಿಸಿಲಿಗೆ ಹಾಕದೆ ಜಗಲಿಯಲ್ಲಿ ಹರವಿದೆ. ಯಾರೋ ಗೊತ್ತಿಲ್ಲದವರ ಕೈ ಅದರ ಮೇಲೆ ಆಡಿದೆ ಎಂಬುದನ್ನು ತಡೆಯಲು ಆಗಲಿಲ್ಲ. ರಾತ್ರಿ ಮಾಡಿನ ಮೇಲೆ ತೆಂಗಿನ ಗರಿ ಬಿದ್ದರೆ ಇಬ್ಬರೂ ಎದ್ದು ಕೂರುತ್ತಿದ್ದೆವು. ಕೆಲವು ರಾತ್ರಿ ಇವರು ಚಾವಡಿಯ ಕುರ್ಚಿಯಲ್ಲೇ ಬೆಳಗು ಮಾಡಿದರು. ನಾನು ಬೇಡ ಎನ್ನಲಿಲ್ಲ, ಚಹಾ ಮಾಡಿ ಪಕ್ಕದಲ್ಲಿ ಕೂತೆ. ನಿದ್ದೆ ಬಾರದ ಆ ಹೊತ್ತಿನಲ್ಲಿ ನಾವು ಮಾತಾಡಿದ್ದು ಹೆಚ್ಚಾಗಿ ಪ್ರವಾಸದ್ದೇ. ಪ್ರವಾಸ ಹೋದದ್ದಕ್ಕೇ ಹೀಗಾಯಿತು ಎಂದವರು ಇದ್ದರು. ನಾನು ಅದನ್ನು ಒಪ್ಪುವುದಿಲ್ಲ. ತಂಜಾವೂರನ್ನು ನೋಡಿದ್ದು ನನ್ನಿಂದ ಯಾರೂ ಕದಿಯಲಿಲ್ಲ, ಆ ಕಷ್ಟದ ವಾರಗಳಲ್ಲಿ ಅದೇ ನನ್ನ ಕೈ ಹಿಡಿಯಿತು.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ಠಾಣೆಯಿಂದ ಕರೆ ಬಂತು. ಜಿಲ್ಲೆಯ ಇನ್ನೊಂದು ಠಾಣೆಯವರು ಬೇರೆ ಒಂದು ಕೇಸಿನಲ್ಲಿ ಕೆಲವರನ್ನು ಹಿಡಿದಿದ್ದಾರೆ, ಸಿಕ್ಕಿದ ಸಾಮಾನು ನೋಡಲು ಬನ್ನಿ ಎಂದು. ಅತ್ತೆ ನಾನೂ ಬರುತ್ತೇನೆ ಎಂದರು. ಕರೆದುಕೊಂಡು ಹೋದೆವು.

ಉದ್ದ ಮೇಜಿನ ಮೇಲೆ ಪೇಪರ್ ಹಾಸಿ ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿತ್ತು. ಬಳೆಗಳು, ಕರಿಮಣಿ ಸರ, ಉಂಗುರ. ಮಗುವಿನ ಬೆಳ್ಳಿಯ ಕಾಲಂದಿಗೆ ಒಂದೇ ಒಂದು, ಜೊತೆಯದ್ದು ಇಲ್ಲ. ನಮ್ಮ ಮೊದಲು ಬಂದ ಒಬ್ಬಳು ಹುಡುಗಿ ತನ್ನ ತಾಳಿಯ ಸರ ಗುರುತು ಹಿಡಿದು ಅಲ್ಲೇ ಜೋರಾಗಿ ಅತ್ತಳು. ಗುರುತಿಸಿದ ಮೇಲೂ ಕೂಡಲೇ ಕೊಡುವುದಿಲ್ಲ. ಕೋರ್ಟಿಗೆ ಅರ್ಜಿ ಹಾಕಬೇಕು, ಫೋಟೋ ತೆಗೆದು ವಿವರ ಬರೆದುಕೊಂಡು ಕೋರ್ಟು ಬಿಡುಗಡೆ ಮಾಡುತ್ತದೆ, ಕೇಸು ಮುಗಿಯುವವರೆಗೆ ಬಾಂಡ್ ಕೊಟ್ಟು ಇಟ್ಟುಕೊಳ್ಳಬೇಕು. ಅವಳಿಗೆ ಅದನ್ನು ಕೇಳುವ ವ್ಯವಧಾನ ಇರಲಿಲ್ಲ, ಅವಳ ಅಣ್ಣ ಬರೆದುಕೊಂಡ.

ಬೆಂಡೋಲೆ ಎರಡು ಜೊತೆ ಇತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ತಿರುಗಿಸಿ ತಿರುಪು ನೋಡಿದರು. ಒಂದು ಜೊತೆ ಬಿಳಿ ಕಲ್ಲಿನದ್ದು, ಹೊಸತು. ಇನ್ನೊಂದು ಕೆಂಪು ಕಲ್ಲು, ಏಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಏಳೂ ಕಲ್ಲು ಒಂದೇ ಬಣ್ಣ. ನಮ್ಮದಲ್ಲ, ಎಂದು ಮೇಜಿನ ಮೇಲೆ ಜೋಪಾನವಾಗಿ ಇಟ್ಟರು. ಯಾರದ್ದಾದರೂ ಆಗಲಿ, ಅವರಿಗೆ ಸಿಗಲಿ ಎಂದು ಆ ಪೊಲೀಸರ ಹತ್ತಿರ ಹೇಳಿದರು. ಇನ್ಸ್‌ಪೆಕ್ಟರ್ ಎದ್ದು ನಿಂತು ಅವರನ್ನು ಬಾಗಿಲವರೆಗೆ ಬಿಟ್ಟುಬಂದರು.

ನಮ್ಮದು ಇಲ್ಲಿಯವರೆಗೆ ಯಾವುದೂ ಸಿಕ್ಕಿಲ್ಲ. ಅತ್ತೆಗೆ ಈಗಲೂ ಒಂದೊಂದು ನೆನಪಾಗುತ್ತದೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದರು, ನಾಲ್ಕು ಬಳೆಗಳಲ್ಲಿ ಒಂದರ ಒಳಬದಿಗೆ ಸೊಸೈಟಿಯವರು ಉಜ್ಜಿ ನೋಡಿದ ಗೀರು ಉಂಟು ಎಂದು. ಅದನ್ನು ಪಟ್ಟಿಯ ಕೊನೆಯಲ್ಲಿ ಸೇರಿಸಿ ಬರೆದಿದ್ದೇನೆ. ಸೋಮವಾರ ಬದಿಯಡ್ಕ ಪೇಟೆಗೆ ಹೋಗುವಾಗ ಅದರ ಪ್ರತಿ ತೆಗೆಸಿ ಠಾಣೆಯಲ್ಲಿ ಕೊಡಬೇಕು.